ಮೈದಾನದಲ್ಲಿ ದೂರದರ್ಶಕ ಇಟ್ಟು ಕಲಿತದ್ದು

ದಕ್ಷಿಣ ಬೆಂಗಳೂರಿನ ನಮ್ಮ ಬಡಾವಣೆಯ ಆಟದ ಮೈದಾನದಲ್ಲಿ ಮೊದಲ ಬಾರಿ ಜನರಿಗೆ ಆಕಾಶ ತೋರಿಸಲು ಹೊರಟಾಗ ನಾನು ಆರಿಸಿಕೊಂಡದ್ದು 2017ರ ಡಿಸೆಂಬರ್ ತಿಂಗಳ ಅಮಾವಾಸ್ಯೆಯ ರಾತ್ರಿಯನ್ನು. ಕತ್ತಲೆ ಹೆಚ್ಚಿದಷ್ಟೂ ನೋಟ ಚೆನ್ನ ಎಂದು ಓದಿದ್ದೆ. ಆ ಮಾತು ಹಳ್ಳಿಯ ಆಕಾಶಕ್ಕೆ ಸಲ್ಲುತ್ತದೆಯೇ ಹೊರತು ಬೀದಿದೀಪಗಳ ನಡುವಿನ ಮೈದಾನಕ್ಕಲ್ಲ ಎಂಬುದು ಹೊಳೆದಿರಲಿಲ್ಲ. ಆ ದಿನಗಳಲ್ಲಿ ಸಂಜೆಯ ಆಕಾಶದಲ್ಲಿ ತೋರಿಸಬಹುದಾದ ಒಂದು ಗ್ರಹವೂ ಇರಲಿಲ್ಲ. ಆದ್ದರಿಂದ ಆಂಡ್ರೊಮಿಡಾ ಗೆಲಾಕ್ಸಿಗೆ ದೂರದರ್ಶಕವನ್ನು ತಿರುಗಿಸಿ, ನೀವು ನೋಡುತ್ತಿರುವುದು 25 ಲಕ್ಷ ಜ್ಯೋತಿರ್ವರ್ಷಗಳಷ್ಟು ದೂರದ ಬೆಳಕು ಎಂದು ಪ್ರತಿಯೊಬ್ಬರಿಗೂ ವಿವರಿಸಿದೆ. ಅದು ಕಂಡದ್ದು ಒರೆಸಿದ ಕರಿಹಲಗೆಯ ಮೇಲೆ ಉಳಿಯುವ ಸೀಮೆಸುಣ್ಣದ ಕಲೆಯಂತೆ. ಜನರು ಒಬ್ಬೊಬ್ಬರಾಗಿ ಬಂದು, ಬಗ್ಗಿ ನೋಡಿ, "ಕಾಣಿಸಿತು, ಚೆನ್ನಾಗಿದೆ" ಎಂದು ಹೇಳಿ ಹೋದರು. ಎಲ್ಲರೂ ಹೋದ ಮೇಲೆ ನಾನು ಕಣ್ಣಿಟ್ಟು ನೋಡಿದರೆ ಗೆಲಾಕ್ಸಿ ಎಷ್ಟು ಹೊತ್ತಿಗೆ ಮೊದಲೋ ನೋಟದ ವೃತ್ತದಿಂದ ಜಾರಿಹೋಗಿತ್ತು. ಎಷ್ಟು ಮಂದಿ ಬರಿದಾದ ಕತ್ತಲನ್ನು ನೋಡಿ, ನನ್ನ ಮನಸ್ಸು ನೋಯಬಾರದೆಂದು ಚೆನ್ನಾಗಿದೆ ಎಂದರೋ ಎಂಬ ಯೋಚನೆಯಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ನಾನು ಬದಲಾಯಿಸಿಕೊಂಡದ್ದೆಲ್ಲವೂ, ಬಂದವರು ನಿಜವಾಗಿ ನೋಡಿ ಹೋಗಬೇಕು ಎಂಬ ಒಂದೇ ಉದ್ದೇಶಕ್ಕಾಗಿ.

ಮೊದಲು ಬದಲಾಯಿಸಿದ್ದು ದಿನವನ್ನು. ಈಗ ಪಂಚಾಂಗ ತೆಗೆದು, ಶುಕ್ಲ ಪಕ್ಷದ ಷಷ್ಠಿಯಿಂದ ದಶಮಿಯೊಳಗೆ ಬೀಳುವ ಶನಿವಾರವನ್ನು ಗುರುತು ಹಾಕಿಕೊಳ್ಳುತ್ತೇನೆ. ಆ ದಿನಗಳಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಆಗಲೇ ಮೇಲೆ ಬಂದಿರುತ್ತಾನೆ. ಬೆಳಕು ಮತ್ತು ಕತ್ತಲೆ ಕೂಡುವ ಗೆರೆಯುದ್ದಕ್ಕೂ ಕುಳಿಗಳ ಅಂಚಿನ ನೆರಳುಗಳು ಉದ್ದವಾಗಿ ಚಾಚಿಕೊಂಡು ನೆಲದ ಏರುತಗ್ಗುಗಳನ್ನು ಎತ್ತಿ ತೋರಿಸುತ್ತವೆ. ಹುಣ್ಣಿಮೆಯಂದು ನೆರಳೇ ಇಲ್ಲದೆ ಚಂದ್ರ ಬಿಳಿಯ ತಟ್ಟೆಯಾಗುತ್ತಾನೆ. ಚಂದ್ರ, ಗ್ರಹಗಳು, ಜೋಡಿ ನಕ್ಷತ್ರಗಳು: ನಗರದ ಬೆಳಕು ಇವುಗಳನ್ನು ಅಷ್ಟಾಗಿ ಕೆಡಿಸಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವನ್ನು ನಂಬಿ ಜನರನ್ನು ಕರೆಯುವುದಿಲ್ಲ.

ನನ್ನಲ್ಲಿರುವುದು 8 ಅಂಗುಲ ವ್ಯಾಸದ ಕನ್ನಡಿಯ ಡಾಬ್ಸೋನಿಯನ್ ದೂರದರ್ಶಕ. ಈ ಸರಳವಾದ ಮರದ ಪೀಠಕ್ಕೆ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ. ರಾಮಕೃಷ್ಣ ಸಂಪ್ರದಾಯದ ವೇದಾಂತ ಸೊಸೈಟಿಯಲ್ಲಿ ಹಲವು ವರ್ಷ ಸನ್ಯಾಸಿಯಾಗಿದ್ದು, ಅಲ್ಲಿಂದ ಹೊರಬಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಕಾಲುದಾರಿಗಳಲ್ಲಿ ದೂರದರ್ಶಕವಿಟ್ಟು ದಾರಿಹೋಕರಿಗೆಲ್ಲ ಆಕಾಶ ತೋರಿಸಿದವರು ಅವರು. ಇದಕ್ಕೆ ಮೋಟಾರು ಇಲ್ಲ, ಕೈಯಿಂದಲೇ ತಳ್ಳಬೇಕು. 10 ಮಿಲಿಮೀಟರ್ ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ, ಆದರೆ ಭೂಮಿ ತಿರುಗುವುದರಿಂದ ಗ್ರಹವು ಒಂದೂವರೆ ನಿಮಿಷದಲ್ಲೇ ನೋಟದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿದುಹೋಗುತ್ತದೆ. ಆದ್ದರಿಂದ ಒಬ್ಬರು ನೋಡಿ ಮುಗಿಸಿದ ಕೂಡಲೇ ನಾನೇ ಕಣ್ಣಿಟ್ಟು, ಗ್ರಹವನ್ನು ಅಂಚಿಗೆ ತಂದು ನಿಲ್ಲಿಸಿ, ಮುಂದಿನವರನ್ನು ಕರೆಯುತ್ತೇನೆ. ತಲೆಗೆ ಒಂದೂವರೆ ನಿಮಿಷವೆಂದರೆ ಎರಡು ಗಂಟೆಯಲ್ಲಿ 80 ಮಂದಿ. ಅಷ್ಟೇ ಚೀಟಿ ಹಂಚುತ್ತೇನೆ. ಉಳಿದವರಿಗೆ ಮುಂದಿನ ತಿಂಗಳ ದಿನಾಂಕವನ್ನು ಬರೆದುಕೊಡುವುದು ಕಷ್ಟದ ಕೆಲಸವೇ, ಆದರೂ ಅವಸರದಲ್ಲಿ ತಳ್ಳಿ ಕಳಿಸುವುದಕ್ಕಿಂತ ಅದು ಮೇಲು.

ಜಾಗದ ವಿಷಯದಲ್ಲಿಯೂ ಒಂದು ಪಾಠವಾಯಿತು. ಒಮ್ಮೆ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಏರ್ಪಾಡು ಮಾಡಿದ್ದಾಗ, ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಆ ಬಿಸಿಯನ್ನು ಬಿಡುತ್ತಿದ್ದುದರಿಂದ ಗುರುಗ್ರಹವು ಹರಿಯುವ ನೀರಿನ ತಳದ ನಾಣ್ಯದಂತೆ ನಡುಗುತ್ತಲೇ ಇತ್ತು. ಹುಲ್ಲುನೆಲ ಎಷ್ಟೋ ವಾಸಿ. ಮನೆಯೊಳಗಿನ ಬೆಚ್ಚನೆಯ ಕನ್ನಡಿ ತಣಿಯಲು ಅರ್ಧ ಗಂಟೆಯಾದರೂ ಬೇಕಾದ್ದರಿಂದ, ಜನ ಬರುವ ಮುಂಚೆಯೇ ದೂರದರ್ಶಕವನ್ನು ಹೊರಗಿಟ್ಟಿರುತ್ತೇನೆ.

ಇಷ್ಟಾದರೂ "ಕಾಣಿಸಿತೇ?" ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ಬೆನ್ನ ಹಿಂದೆ ಸಾಲು ಕಾಯುತ್ತಿರುವಾಗ ಇಲ್ಲವೆನ್ನಲು ಯಾರಿಗೂ ಸಂಕೋಚ. ಹಾಗಾಗಿ ನಾನು ಆ ಪ್ರಶ್ನೆಯನ್ನೇ ಬಿಟ್ಟಿದ್ದೇನೆ. ಗುರುವನ್ನೂ ಅದರ ಚಂದ್ರರನ್ನೂ ತೋರಿಸುವಾಗ "ಪಕ್ಕದಲ್ಲಿ ಎಷ್ಟು ಚುಕ್ಕೆಗಳಿವೆ, ಎಣಿಸಿ ಹೇಳಿ" ಎನ್ನುತ್ತೇನೆ. ಚಂದ್ರನಾದರೆ ಅತಿ ದೊಡ್ಡ ಕುಳಿಯ ನಡುವೆ ಬೆಟ್ಟವಿದೆಯೇ ನೋಡಿ ಎನ್ನುತ್ತೇನೆ. ಉತ್ತರ ತಡವಾದರೆ ಅವರ ಕಣ್ಣಿಗೆ ತಕ್ಕಂತೆ ಫೋಕಸ್ ತಿರುಗಿಸಬೇಕು ಎಂದು ಅರ್ಥ. ಕನ್ನಡಕ ತೆಗೆದು ನೋಡುವವರಿಗೆ ಹೆಚ್ಚು ಕಡಿಮೆ ಪ್ರತಿ ಸಲವೂ ಅದು ಬೇಕಾಗುತ್ತದೆ.

ಶನಿಯ ದಿನ ಬೇರೆಯೇ ತೊಡಕು. ಶನಿಯನ್ನು ನೋಡಬಾರದು, ದೃಷ್ಟಿ ತಾಗುತ್ತದೆ ಎಂದು ಸಾಲಿನಿಂದ ಹಿಂದೆ ಸರಿದವರನ್ನು ನಾನು ಒತ್ತಾಯಿಸಿದ್ದಿಲ್ಲ, ಅವರೊಡನೆ ವಾದಕ್ಕೂ ಇಳಿದಿಲ್ಲ. ಮೊಮ್ಮಗಳು ಕಣ್ಣಿಟ್ಟವಳೇ "ಅಜ್ಜಾ, ಉಂಗುರ!" ಎಂದು ಕೂಗಿಕೊಂಡ ಮೇಲೆ, ಅಲ್ಲಿಯವರೆಗೆ ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ತಾವಾಗಿಯೇ ಎದ್ದು ಬಂದದ್ದುಂಟು.

ನನಗೆ ತುಂಬಾ ಪ್ರಿಯವಾದದ್ದು ಏಪ್ರಿಲ್–ಮೇ ತಿಂಗಳ ಸಂಜೆ ಸಪ್ತರ್ಷಿ ಮಂಡಲದಲ್ಲಿ ಕಾಣುವ ವಸಿಷ್ಠ–ಅರುಂಧತಿ. ಒಮ್ಮೆ ಎಪ್ಪತ್ತರ ಆಸುಪಾಸಿನ ಒಬ್ಬ ತಾಯಿ, ತಮ್ಮ ಮದುವೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಮಂಟಪದ ಹೊರಗೆ ಕರೆತಂದು ಅರುಂಧತಿ ಕಂಡಳೇ ಎಂದಾಗ ಕಂಡಳು ಎಂದಿದ್ದನ್ನು ನೆನೆಸಿಕೊಂಡರು. ಐಪೀಸಿನಲ್ಲಿ ಅರುಂಧತಿಯನ್ನೂ, ಅದರ ಜೊತೆಗೆ ವಸಿಷ್ಠ ನಕ್ಷತ್ರವೇ ಒತ್ತಾಗಿ ನಿಂತ ಎರಡು ಚುಕ್ಕೆಗಳಾಗಿ ಒಡೆದು ಕಾಣುವುದನ್ನೂ ಅವರು ನಿಧಾನವಾಗಿ ನೋಡಿದರು. "ಇಲ್ಲಿ ಮೂವರಿದ್ದಾರಲ್ಲಪ್ಪಾ" ಎಂದರು. ಅವರನ್ನು ನಾನು ಬೇರೇನೂ ಕೇಳಬೇಕಾಗಿರಲಿಲ್ಲ.

ಶನಿಯ ಉಂಗುರಗಳು 2025ರ ಮಾರ್ಚ್‌ನಲ್ಲಿ ನಮಗೆ ಅಂಚು ತೋರಿಸಿ ನಿಂತಿದ್ದವು. ಆ ವರ್ಷದ ನವೆಂಬರ್‌ನಲ್ಲಿಯೂ ತೀರ ತೆಳುವಾಗಿದ್ದವು. ಚಿತ್ರಗಳಲ್ಲಿ ಅಗಲವಾದ ಉಂಗುರವನ್ನು ನೋಡಿದ್ದ ಹುಡುಗನೊಬ್ಬ ಇದು ಶನಿಯೇ ಅಲ್ಲ ಎಂದು ಹಟ ಹಿಡಿದ. ಕಂಡದ್ದನ್ನು ಕಂಡಂತೆ ಬರೆ ಎಂದು ನನ್ನ ಟಿಪ್ಪಣಿ ಪುಸ್ತಕ ಕೊಟ್ಟೆ. ಅವನು ಒಂದು ಸೊನ್ನೆ ಸುತ್ತಿ, ಅದರ ನಡುವೆ ಸೂಜಿಯಂಥ ಗೆರೆ ಎಳೆದ. 2032ರ ಸುಮಾರಿಗೆ ಉಂಗುರಗಳು ಪೂರ್ತಿಯಾಗಿ ತೆರೆದುಕೊಳ್ಳುವವರೆಗೆ ವರ್ಷಕ್ಕೊಂದು ಚಿತ್ರ ಬರೆಯುವುದೆಂದು ನಮ್ಮಿಬ್ಬರ ನಡುವೆ ಒಪ್ಪಂದವಾಗಿದೆ. ಆ ಪುಟದ ಕೆಳಗೆ ಏಳು ಸೊನ್ನೆಗಳನ್ನು ಸುತ್ತಿ ಖಾಲಿ ಬಿಟ್ಟಿದ್ದೇನೆ.