ದಪ್ಪ ಪೋರ್ಕ್ ಚಾಪ್: ಮೊದಲು ಬೇಯಿಸಿ, ಆಮೇಲೆ ಸುಡಿ

ಎರಡು ಇಂಚು ದಪ್ಪದ ಚಾಪ್ (ಮೂಳೆ ಸಮೇತ ಕೊಯ್ದ ಹಂದಿಮಾಂಸದ ತುಂಡು) ನೇರವಾಗಿ ಕೆಂಡದ ಮೇಲಿಟ್ಟರೆ ಹೊರಗೆ ಕರಕಲು, ಮೂಳೆಯ ಹತ್ತಿರ ಹಸಿ. ನಮ್ಮ ತಾರಸಿ ಗ್ರಿಲ್‌ನ ಈ ಕಾಟ ತಪ್ಪಿದ್ದು ರಿವರ್ಸ್ ಸಿಯರ್‌ನಿಂದ, ಅಂದರೆ ಮೊದಲು ಕಡಿಮೆ ಬಿಸಿಯಲ್ಲಿ ಬೇಯಿಸಿ ಕೊನೆಗೆ ಜೋರು ಕೆಂಡದ ಮೇಲೆ ಸುಡುವ ವಿಧಾನದಿಂದ.

ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ಒಟ್ಟಿ, ಮಾಂಸವನ್ನು ಇನ್ನೊಂದು ಪಕ್ಕ ಇಟ್ಟು ಮುಚ್ಚಳ ಹಾಕಿದೆ. ಕೆಳಗಿನ ಗಾಳಿಕಿಂಡಿ ಕಿರಿದು ಮಾಡಿ ಒಳಗಿನ ಬಿಸಿಯನ್ನು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲಿಸಿದೆ. ಮಾಂಸದ ನಡುಭಾಗ 55 ಮುಟ್ಟಿದಾಗ ಹೊರತೆಗೆದು, ಕಿಂಡಿ ಪೂರ್ತಿ ತೆರೆದು, ಕೆಂಡ ನಿಗಿನಿಗಿ ಅಂದ ಮೇಲೆ ಎರಡೂ ಮಗ್ಗುಲು ಸುಟ್ಟೆ. 63 ಬಂತೋ, ಇಳಿಸಿ. ಕೊಯ್ಯುವ ಮುನ್ನ ಮೂರು ನಿಮಿಷ ಬಿಡಲೇಬೇಕು. ಬೆರಳಲ್ಲಿ ಒತ್ತಿ ನೋಡುವ ಜಾಣತನ ಹಂದಿಮಾಂಸಕ್ಕೆ ಬೇಡ, ಥರ್ಮಾಮೀಟರ್ ಕೊಳ್ಳಿ.

ಬಣ್ಣ ಸರಿಯಾಗಿ ಬರದಿದ್ದಕ್ಕೆ ಕಾರಣ ಬೇರೆ: ತೇವ. ಮೇಲಿನ ನೀರು 100 ಡಿಗ್ರಿಯಲ್ಲೇ ಆವಿಯಾಗುತ್ತ ಕೂತರೆ ಮಾಂಸ ಕೆಂಪಗಾಗುವುದು ಹೇಗೆ? ಹಿಂದಿನ ರಾತ್ರಿಯೇ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿಟ್ಟೆ. ಬೆಂಗಳೂರಿನ ಮಳೆಗಾಲದಲ್ಲಿ ಇದ್ದಿಲೂ ತೇವ ಎಳೆದುಕೊಳ್ಳುತ್ತದೆ, ಡಬ್ಬದಲ್ಲಿ ಮುಚ್ಚಿಡುವುದು ಒಳ್ಳೆಯದು. ಕೊಡಗಿನ ಕಾಚಂಪುಳಿಯನ್ನು (ಹಣ್ಣಿನಿಂದ ಮಾಡುವ ಕಪ್ಪು ಹುಳಿರಸ) ಮೊದಲೇ ಹಚ್ಚದೆ, ಇಳಿಸಿದ ಮೇಲೆ ನಾಲ್ಕು ಹನಿ ಸವರಿದೆ. ಮನೆಯಲ್ಲಿ ಕೆಲವರಿಗೆ ಇನ್ನೂ ಕೊಡಗಿನ ಹಂದಿಮಾಂಸದ ಸಾರು, ಪಂದಿ ಕರಿಯೇ ವಾಸಿ. ಇರಲಿ, ಅವರ ಪಾಲಿನ ಚಾಪ್ ನನಗೇ ಉಳಿಯಿತು.