ಸಿ ಭಾಷೆಯಲ್ಲಿ ಫೈಲಿನ ಸಾಲುಗಳನ್ನು ಓದುವುದು ಹೇಗೆ?

ದಾವಣಗೆರೆಯ ಎಂಜಿನಿಯರಿಂಗ್ ಹುಡುಗರು ಬರೆದ ಸಿ ಪ್ರೋಗ್ರಾಂಗಳನ್ನು ನೋಡುತ್ತಲೇ ಇರುತ್ತೇನೆ. ಪಾಯಿಂಟರ್ ಗೊತ್ತಿದ್ದವರೂ ಫೈಲಿನಿಂದ ಸಾಲು ಓದುವಾಗ ಎಡವುತ್ತಾರೆ. ಎಡವುವ ಜಾಗವೂ ಒಂದೇ.

ಮೊದಲು ಅಭ್ಯಾಸಕ್ಕೆ ಒಂದು ಫೈಲ್ ಮಾಡಿಕೊಳ್ಳಿ. ಜಿಲ್ಲೆಯ ಆರು ತಾಲ್ಲೂಕುಗಳನ್ನು ಸಾಲಿಗೊಂದರಂತೆ ಬರೆಯಿರಿ: ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ನ್ಯಾಮತಿ. ನ್ಯಾಮತಿಯ ನಂತರವೂ ಎಂಟರ್ ಒತ್ತಿ.

ಎಫ್‌ಓಪನ್‌ನಿಂದ ಫೈಲ್ ತೆರೆಯಿರಿ. ನಲ್ (NULL) ಬಂದರೆ ಫೈಲ್ ತೆರೆದಿಲ್ಲ ಎಂದರ್ಥ, ಅಲ್ಲೇ ನಿಲ್ಲಿಸಿ.

ಸಾಲು ಹಿಡಿದಿಡಲು 256 ಬೈಟಿನ ಕ್ಯಾರೆಕ್ಟರ್ ಅರೇ ಸಾಕು. ಇಪ್ಪತ್ತು ಬೈಟು ಕೊಟ್ಟು ಉಳಿತಾಯ ಮಾಡಬೇಡಿ. ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಗುಣಿತದ ಪ್ರತಿ ಚಿಹ್ನೆಗೂ 3 ಬೈಟು ಬೇಕು. ‘ದಾವಣಗೆರೆ’ ಒಂದಕ್ಕೇ 24 ಬೈಟು.

ಈಗ ಲೂಪ್. ಫೈಲ್ ಮುಗಿಯಿತೇ ಎಂದು ಹೇಳುವ ಫಂಕ್ಷನ್ ಎಫ್ಇಒಎಫ್ (feof), ಒಂದು ಸಾಲು ಓದುವುದು ಎಫ್‌ಗೆಟ್ಸ್ (fgets). ಮುಕ್ಕಾಲುಪಾಲು ಜನ ‘ಎಫ್ಇಒಎಫ್ ಆಗುವ ತನಕ’ ಎಂದು ವೈಲ್ ಬರೆದು, ಒಳಗೆ ಎಫ್‌ಗೆಟ್ಸ್ ಕರೆದು, ಓದಿದ್ದನ್ನು ಪ್ರಿಂಟ್‌ಎಫ್‌ನಿಂದ ಬರೆಯುತ್ತಾರೆ. ಓಡಿಸಿ ನೋಡಿ, ನ್ಯಾಮತಿ ಎರಡು ಸಲ ಬರುತ್ತದೆ. ಎಫ್ಇಒಎಫ್ ಮುಂದೆ ಏನಿದೆ ಎಂದು ಇಣುಕುವುದಿಲ್ಲ. ಓದಲು ಹೋಗಿ ಫೈಲ್ ಮುಗಿದದ್ದು ಗೊತ್ತಾದ ಮೇಲಷ್ಟೇ ಹೌದು ಎನ್ನುತ್ತದೆ. ನ್ಯಾಮತಿಯನ್ನು ಎಂಟರ್ ಸಮೇತ ಓದಿದಾಗ ಫೈಲಿನ ಕೊನೆ ಇನ್ನೂ ತಾಗಿರುವುದಿಲ್ಲ. ಲೂಪ್ ಮತ್ತೊಂದು ಸುತ್ತು ಹೋಗುತ್ತದೆ, ಎಫ್‌ಗೆಟ್ಸ್ ನಲ್ ಕೊಡುತ್ತದೆ, ಅರೇಯಲ್ಲಿ ಹಳೆಯ ನ್ಯಾಮತಿ ಹಾಗೇ ಉಳಿದಿರುತ್ತದೆ, ಪ್ರಿಂಟ್‌ಎಫ್ ಅದನ್ನೇ ಮತ್ತೆ ಬರೆಯುತ್ತದೆ. ಕೊನೆಯ ಎಂಟರ್ ಅಳಿಸಿ ಓಡಿಸಿ, ಉತ್ತರ ಸರಿ ಬರುತ್ತದೆ! ಲ್ಯಾಬಿನಲ್ಲಿ ಸರಿ ಇದ್ದದ್ದು ಪರೀಕ್ಷೆಯ ಫೈಲಿನಲ್ಲಿ ಕೈಕೊಡುವುದು ಇದರಿಂದಲೇ. ಆದ್ದರಿಂದ ವೈಲ್‌ನ ಆವರಣದೊಳಗೇ ಎಫ್‌ಗೆಟ್ಸ್ ಇಡಿ: ಅರೇ, ಅದರ ಸೈಜ್‌ಆಫ್, ಫೈಲ್ ಪಾಯಿಂಟರ್, ನಲ್ ಬರದಿರುವ ತನಕ ಲೂಪ್. ಎಫ್ಇಒಎಫ್ ಬೇಕಾಗುವುದು ಲೂಪ್ ಮುಗಿದ ಮೇಲೆ, ಫೈಲ್ ಮುಗಿದು ನಿಂತಿತೋ ಓದುವಾಗ ದೋಷ ಬಂತೋ ಎಂದು ತಿಳಿಯಲು ಮಾತ್ರ.

ಸಾಲು ಓದುವ ಇನ್ನೊಂದು ಫಂಕ್ಷನ್ ಗೆಟ್ಸ್ (gets) ಎಂಬ ಅಡ್ಡದಾರಿ ಹಿಡಿಯಲೇಬೇಡಿ. ಅರೇ ಎಷ್ಟು ದೊಡ್ಡದೆಂದು ಅದಕ್ಕೆ ಹೇಳುವ ದಾರಿಯೇ ಇಲ್ಲ. 2011ರ ಸಿ ಮಾನದಂಡ ಅದನ್ನು ಕಿತ್ತುಹಾಕಿತು. ನೀಲಿ ಪರದೆಯ ಹಳೆಯ ಟರ್ಬೊ ಸಿ ಅದನ್ನು ಇಂದಿಗೂ ಒಪ್ಪಿಕೊಳ್ಳುತ್ತದೆ. ಮನೆಯಲ್ಲಾದರೂ ಜಿಸಿಸಿ (gcc) ಕಂಪೈಲರ್ ಹಾಕಿಕೊಳ್ಳಿ, ಎಚ್ಚರಿಕೆಗಳನ್ನೆಲ್ಲ ತೋರಿಸುವ ಆಯ್ಕೆಯೊಂದಿಗೆ.

ಎಫ್‌ಗೆಟ್ಸ್ ಸಾಲಿನ ಕೊನೆಯ ನ್ಯೂಲೈನನ್ನೂ ಅರೇಯಲ್ಲಿ ತಂದಿಡುತ್ತದೆ. ಅದು ಕಾಣದಿದ್ದರೆ ಒಂದೋ ಸಾಲು ಅರೇಗಿಂತ ಉದ್ದವಿದೆ, ಉಳಿದ ತುಂಡು ಮುಂದಿನ ಸುತ್ತಿನಲ್ಲಿ ಬರುತ್ತದೆ. ಇಲ್ಲವೇ ಅದು ಎಂಟರ್ ಇಲ್ಲದ ಕೊನೆಯ ಸಾಲು. ಇದನ್ನು ನೋಡಿಕೊಂಡ ಮೇಲೆಯೇ ನ್ಯೂಲೈನ್ ತೆಗೆಯಿರಿ. ಉದ್ದದಲ್ಲಿ ಒಂದು ಕಳೆದು ಅಲ್ಲಿ ಸೊನ್ನೆ ಇಡುವವರೇ ಜಾಸ್ತಿ. ಎಂಟರ್ ಇಲ್ಲದ ಕೊನೆಯ ಸಾಲಿನಲ್ಲಿ ಹಾಗೆ ಮಾಡಿದರೆ ‘ತಿ’ಯ ಗುಡಿಸಿನ ಒಂದು ಬೈಟು ಹಾರಿ, ಪರದೆಯ ಮೇಲೆ ಕಸ ಕಾಣುತ್ತದೆ. ಕೊಟ್ಟ ಚಿಹ್ನೆ ಮೊದಲು ಎಲ್ಲಿದೆ ಎಂದು ಹೇಳುವ ಎಸ್‌ಟಿಆರ್‌ಸಿಎಸ್‌ಪಿಎನ್ (strcspn) ಬಳಸಿ, ಹುಡುಕಲು ನ್ಯೂಲೈನ್ ಜೊತೆ ವಿಂಡೋಸ್ ಸಾಲಿನ ಕೊನೆಗೆ ಸೇರಿಸುವ ಕ್ಯಾರೇಜ್ ರಿಟರ್ನನ್ನೂ ಕೊಡಿ, ಅದು ಹೇಳಿದ ಜಾಗದಲ್ಲಿ ಸೊನ್ನೆ ಇಡಿ. ವಿಂಡೋಸ್‌ನಲ್ಲಿ ಉಳಿಸಿದ ಫೈಲನ್ನು ಲಿನಕ್ಸ್‌ನಲ್ಲಿ ಓದಿದರೂ ಸಾಲು ಚೊಕ್ಕವಾಗಿ ಸಿಗುತ್ತದೆ.

ಕೊನೆಗೆ ಎಫ್‌ಕ್ಲೋಸ್.

ಸಾಲುಗಳ ಉದ್ದಕ್ಕೆ ಮಿತಿಯೇ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಗೆಟ್‌ಲೈನ್ ಇದೆ. ಜಾಗವನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ಲೂಪ್ ಮುಗಿದ ಮೇಲೆ ಒಂದು ಸಲ ಫ್ರೀ ಮಾಡಿ, ಪ್ರತಿ ಸುತ್ತಿಗೂ ಬೇಡ.