ತೂಕದ ಕೌದಿ: ಒಬ್ಬರು ಹೊಲಿಯಿರಿ, ಒಬ್ಬರು ಹಿಡಿಯಿರಿ

ತೂಕದ ಕೌದಿ ಅಂದರೆ ಒಳಗೆ ಮಣಿ ತುಂಬಿ, ಮೈಮೇಲೆ ಹಿತವಾದ ಭಾರ ಬೀಳುವಂತೆ ಮಾಡಿದ ಹೊದಿಕೆ. ಅದನ್ನು ಹೊಲಿಯಲು ಹೊರಟ ಎಷ್ಟೋ ಜನ ಅರ್ಧಕ್ಕೇ ಕೈಬಿಡುವುದನ್ನು ನೋಡಿದ್ದೇನೆ. ಹೊಲಿಗೆ ಬಾರದೆ ಅಲ್ಲ. ಅರ್ಧ ತುಂಬಿದ ಕೌದಿ ತನ್ನ ಭಾರಕ್ಕೇ ಮಷಿನ್‌ನಿಂದ ಜಾರುತ್ತದೆ, ಸೂಜಿ ಮುರಿಯುತ್ತದೆ, ಮಣಿ ನೆಲದ ತುಂಬ ಹರಡುತ್ತದೆ. ಒಬ್ಬರೇ ಕೂತರೆ ಇದು ತಪ್ಪಿದ್ದಲ್ಲ. ಮನೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಯಾರಿಗಾಗಿ ಹೊಲಿಯುತ್ತೀರೋ ಅವರೇ ಬಂದರೆ ಇನ್ನೂ ಒಳ್ಳೆಯದು. ಎಷ್ಟು ಭಾರ ಹಿತ ಅನ್ನುವುದು ಅವರ ಮೈಗೇ ಗೊತ್ತಲ್ವಾ?

ಮೊದಲು ಲೆಕ್ಕ

ದೊಡ್ಡವರಿಗೆ ಅವರ ತೂಕದ ಹತ್ತರಲ್ಲಿ ಒಂದು ಪಾಲು ಭಾರ ಸಾಕು. 60 ಕೆ.ಜಿ. ಇರುವವರಿಗೆ 6 ಕೆ.ಜಿ. ಕೌದಿ. ಇದರಲ್ಲಿ ಬಟ್ಟೆಯ ತೂಕವೂ ಸೇರಿದೆ, ಜಾಸ್ತಿ ಜನ ಮರೆಯುವುದು ಇದನ್ನೇ. ಬಟ್ಟೆ 1.2 ಕೆ.ಜಿ. ತೂಗಿದರೆ ಮಣಿಗೆ ಉಳಿಯುವುದು 4.8 ಕೆ.ಜಿ. ಕೌದಿಯ ಅಳತೆ 120 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ ಇರಲಿ. 15 ಸೆಂ.ಮೀ. ಚೌಕ ಹಾಕಿದರೆ ಅಡ್ಡಕ್ಕೆ 8, ಉದ್ದಕ್ಕೆ 12, ಒಟ್ಟು 96 ಚೌಕ. ಒಂದೊಂದಕ್ಕೆ 50 ಗ್ರಾಂ.

ಪುಟ್ಟ ಮಕ್ಕಳಿಗೆ ಇದನ್ನು ಹೊದಿಸಲೇಬೇಡಿ. ಹೊದ್ದವರು ತಾವೇ ಸರಿಸಿ ಎದ್ದೇಳುವಂತಿರಬೇಕು. ಉಸಿರಾಟದ ಅಥವಾ ರಕ್ತ ಸಂಚಾರದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ.

ಏನು ತುಂಬುವುದು

ಗಾಜಿನ ಮಣಿ. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣದು, ನೋಡಲು ಮರಳಿನ ಹಾಗೆ. ಸದ್ದಿಲ್ಲ, ಒಗೆಯಬಹುದು. ಪ್ಲಾಸ್ಟಿಕ್ ಮಣಿಯೂ ನಡೆಯುತ್ತದೆ, ಆದರೆ ಮಗ್ಗಲು ಬದಲಿಸಿದಾಗೆಲ್ಲ ಸರಬರ ಎನ್ನುತ್ತದೆ, ಕೌದಿ ಉಬ್ಬಿಕೊಳ್ಳುತ್ತದೆ. ಅಕ್ಕಿ, ಕಾಳು ತುಂಬಿದರೆ ಅಗ್ಗ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದನ್ನು ಒಗೆಯಲಾಗದು, ಹುಳ ಬೀಳುತ್ತದೆ.

ಬಟ್ಟೆ ಎರಡು ಪದರ, ಒತ್ತಾದ ನೇಯ್ಗೆ. ಒಂದು ಚಿಟಿಕೆ ಮಣಿಯನ್ನು ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಉಜ್ಜಿ ನೋಡಿ, ಹೊರಬಂದರೆ ಆ ಬಟ್ಟೆ ಬೇಡ. ಹಳೆಯ ಬಟ್ಟೆಯ ಮೇಲೆ ಪ್ರೀತಿ ಇದ್ದರೆ ಅದರಲ್ಲಿ ಮೇಲಿನ ಗವಸು ಹೊಲಿಯಿರಿ. ನಡುವೆ ಹತ್ತಿಯ ಪದರವನ್ನೂ ಹಾಕಬೇಡಿ, ಮಣಿ ಎಳೆಗಳಿಗೆ ಸಿಕ್ಕಿ ಕೆಳಗಿಳಿಯುವುದಿಲ್ಲ.

ಚೀಲ ಮತ್ತು ಸಾಲು

ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ. 124 × 184 ಸೆಂ.ಮೀ. ಕತ್ತರಿಸಿ. ಚಾಕಿನಲ್ಲಿ ಚೌಕ ಗುರುತಿಸಿ. ಮೂರು ಬದಿ ಹೊಲಿದು, ಮಗುಚಿ, ಅಂಚಿಗೆ ಇನ್ನೊಂದು ಹೊಲಿಗೆ ಹಾಕಿ. ನಂತರ ಮುಚ್ಚಿದ ತಳದಿಂದ ತೆರೆದ ಬಾಯಿಯ ಕಡೆಗೆ 7 ಉದ್ದ ಗೆರೆ ಹೊಲಿಯಿರಿ. ಬಾಯಿಗೆ 3 ಸೆಂ.ಮೀ. ಇರುವಾಗಲೇ ನಿಲ್ಲಿಸಿ, ಅಂಚು ಒಳಮಡಚಲು ಜಾಗ ಬೇಕು.

ತುಂಬುವ ಹಂತ

ಕೌದಿ ಕೆಡುವುದು ಇಲ್ಲೇ. ಅವಸರ ಬೇಡ.

ತಕ್ಕಡಿ, ಬಟ್ಟಲು, ಉದ್ದ ಕೊಳವೆ ಎದುರಿಗಿರಲಿ. ಜೊತೆಗಾರರು 50 ಗ್ರಾಂ ತೂಗಿ ಕೊಡಲಿ, ನೀವು ಉದ್ದ ಗೆರೆಗಳ ನಡುವಿನ ಒಂದೊಂದೇ ಸಾಲಿಗೆ ಸುರಿಯಿರಿ. ಒಂದು ಸಲ ತೂಗಿ ಲೋಟಕ್ಕೆ ಗುರುತು ಹಾಕಿಕೊಂಡರೆ ಕೆಲಸ ಬೇಗ ಆಗುತ್ತದೆ. ಆದರೆ ಕಣ್ಣಳತೆಯಲ್ಲಿ ಸುಮ್ನೆ ಸುರಿಯುವುದು ಖಂಡಿತ ಬೇಡ. ಒಂದು ಮೂಲೆ ಭಾರವಾದರೆ ರಾತ್ರಿಯಿಡೀ ಕೌದಿ ಅತ್ತಲೇ ಎಳೆಯುತ್ತದೆ.

ಎಂಟೂ ಸಾಲಿಗೆ ಹಾಕಿದ ಮೇಲೆ ಇಬ್ಬರೂ ಎರಡು ಮೂಲೆ ಹಿಡಿದು ಎತ್ತಿ ಕೊಡವಿ. ಬಟ್ಟೆಗೆ ಅಂಟಿ ಮೇಲೇ ಉಳಿದ ಮಣಿ ಇರುತ್ತದೆ, ಬೆರಳಿನಿಂದ ತಟ್ಟಿ ಇಳಿಸಿ. ಈಗ ನೆಲಕ್ಕೆ ಹಾಸಿ, ಗುರುತಿನ ಗೆರೆಗಿಂತ ಎರಡು ಬೆರಳು ಕೆಳಗೆ ಸಾಲಾಗಿ ಪಿನ್ನು ಚುಚ್ಚಿ. ಹೊಲಿಗೆ ಬೀಳುವುದು ಗುರುತಿನ ಗೆರೆಯ ಮೇಲೆ, ಅಡ್ಡಕ್ಕೆ. ಪಿನ್ನಿನ ಕೆಲಸ ಮಣಿಯನ್ನು ತಡೆಯುವುದು. ಇದನ್ನು ಬಿಟ್ಟರೆ ಸೂಜಿ ಮಣಿಯ ಮೇಲೆ ಬೀಳುವುದು ಗ್ಯಾರಂಟಿ, ಗಾಜಿನ ಚೂರು ಹಾರುತ್ತದೆ. ಕನ್ನಡಕ ಹಾಕಿಕೊಂಡೇ ಹೊಲಿಯಿರಿ.

ಮಷಿನ್‌ಗೆ 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ. ಹೊಲಿಗೆಯ ಉದ್ದ 2.5 ಮಿ.ಮೀ. ಮೀರಬಾರದು. ಸುಲಭವಾಗಿ ಹರಿಯುವ ಅಗ್ಗದ ದಾರ ಈ ಭಾರಕ್ಕೆ ತಡೆಯುವುದಿಲ್ಲ. ಹೊಲಿಯುವಾಗ ಜೊತೆಗಾರರು ತುಂಬಿದ ಭಾಗವನ್ನು ಮಷಿನ್ ಮೇಜಿನ ಎತ್ತರಕ್ಕೇ ಹಿಡಿದಿರಬೇಕು. ಎಳೆಯಬಾರದು, ತಳ್ಳಬಾರದು, ಬಟ್ಟೆ ಸಾಗಿದಂತೆ ತಾವೂ ಸಾಗಬೇಕು. ಭಾರ ಕೆಳಗೆ ತೂಗಿದರೆ ಸೂಜಿ ಬಾಗಿ ತಟ್ಟೆಗೆ ಬಡಿಯುತ್ತದೆ. ಆರು ಅಡ್ಡ ಸಾಲು ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ಮಷಿನ್ ಪಕ್ಕಕ್ಕೆ ಅಷ್ಟೇ ಎತ್ತರದ ಇನ್ನೊಂದು ಮೇಜು ತಂದಿಟ್ಟುಕೊಳ್ಳಿ.

ಪ್ರತಿ ಗೆರೆಯ ಎರಡೂ ತುದಿಯಲ್ಲಿ ಹಿಂದೆ-ಮುಂದೆ ಹೊಲಿದು ಗಟ್ಟಿ ಮಾಡಿ. ಹೀಗೆ ಒಂದೊಂದೇ ಅಡ್ಡ ಸಾಲು ತುಂಬಿ ಹೊಲಿಯುತ್ತ ಹೋದರೆ 11 ಅಡ್ಡ ಗೆರೆ. ಹನ್ನೆರಡನೆಯ ಅಡ್ಡ ಸಾಲು ತುಂಬಿದ ಮೇಲೆ ಬಾಯಿಯ ಅಂಚನ್ನು 2 ಸೆಂ.ಮೀ. ಒಳಮಡಚಿ, ಅಂಚಿಗೆ ಒಂದು, ಅದಕ್ಕಿಂತ 1.5 ಸೆಂ.ಮೀ. ಒಳಗೆ ಇನ್ನೊಂದು ಹೊಲಿಗೆ ಹಾಕಿ. ಒಂದೇ ಹೊಲಿಗೆಯಾದರೆ ಮೇಲಿನ ಸಾಲಿನ ಮಣಿ ಪಕ್ಕದ ಚೌಕಕ್ಕೆ ನುಸುಳುತ್ತದೆ.

ನೆಲವನ್ನು ಕೂಡಲೇ ಗುಡಿಸಿ. ಮಣಿಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಮಗು ಬಾಯಿಗೆ ಹಾಕಿಕೊಳ್ಳಬಹುದು.

ಒಗೆಯುವಾಗ ತಣ್ಣೀರು ಸಾಕು. ನೆನೆದರೆ ಭಾರ ತುಂಬಾ ಜಾಸ್ತಿ, ವಾಷಿಂಗ್ ಮಷಿನ್ ಅಷ್ಟು ತೂಕ ತಡೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಗ್ಗಕ್ಕೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ, ಹಾಸಿಯೇ ಒಣಗಿಸಿ. ಮೂಲೆಗಳಲ್ಲಿ ದಾರ ಕಟ್ಟುವ ಗವಸು ಹೊಲಿದುಕೊಂಡರೆ ಅದನ್ನು ಮಾತ್ರ ಬಿಚ್ಚಿ ಒಗೆಯಬಹುದು.